ಗಾಜಿನ ಪೆಟ್ಟಿಗೆಯ ಕೌದಿ

“ಆ ಹರಕು ಕೌದಿಗೆ ನಾಲ್ಕು ಲಕ್ಷ ಕೊಡೋಕೆ ಪಾರ್ಟಿ ರೆಡಿ ಇದಾನೆ ಗುರು, ನನ್ನಾಣೆ,” ಅಂದ ದೀಪು. ಹಳೇ ಸಾಮಾನಿನ ಬ್ರೋಕರ್ ಅವನು. ಟೀ ಹಿಡ್ಕೊಂಡು ನಿಂತಿದ್ದ ಪರಮಾನಂದಂಗೆ ನಗು ಬರ್ಲಿಲ್ಲ.

ಆ ಕೌದಿ ಇರೋದು ಬ್ರೂಕ್‌ಫೀಲ್ಡ್‌ನಲ್ಲಿ, ಅವನು ಕೆಲಸಕ್ಕಿರೋ ವೆಂಕಟಸುಬ್ಬಯ್ಯ ಸಾರ್ ಮನೆ ಕೆಳಗಿನ ಮ್ಯೂಸಿಯಂನಲ್ಲಿ. ಅಮೆರಿಕದಲ್ಲಿದ್ದು ಬಂದ ಸಾರ್‌ಗೆ ಒಂದೇ ಹುಚ್ಚು: ನೂರೈವತ್ತು ವರ್ಷದ ಹಿಂದೆ ಅಲ್ಲಿ ಎತ್ತಿನ ಗಾಡಿ ಕಟ್ಕೊಂಡು, ಹೆಂಡ್ತಿ ಮಕ್ಳ ಸಮೇತ ಪಶ್ಚಿಮಕ್ಕೆ ಜಾಗ ಹುಡುಕ್ಕೊಂಡು ಹೋದ ಜನ. ಅವರ ಬಾಣಲೆ, ನೊಗ, ಕೊಡಲಿ ಎಲ್ಲಾ ತಂದಿಟ್ಟಿದ್ರು. ದಾರೀಲೇ ಹುಟ್ಟಿದ ಕೂಸಿಗೆ ಹೊದಿಸಿದ್ದ ತೇಪೆ ಕೌದಿನೂ. ಅದಕ್ಕೆ ಗಾಜಿನ ಪೆಟ್ಟಿಗೆ, ಹಗಲೂ ರಾತ್ರಿ ಎಸಿ.

ಪರಮಾನಂದನ ಮಗಳೂ ಗಾಜಿನ ಪೆಟ್ಟಿಗೇಲೇ ಇದ್ಲು. ಏಳನೇ ತಿಂಗ್ಳಿಗೇ ಹುಟ್ಟಿದ್ದು. ದುಡ್ಡು ಕಟ್ಟದಿದ್ರೆ ಮುಂದಿನ ವಾರದಿಂದ ಇಟ್ಕೊಳಲ್ಲ ಅಂದಿತ್ತು ಆಸ್ಪತ್ರೆ. ಸಾರ್ ಹತ್ರ ಅಡ್ವಾನ್ಸ್ ಕೇಳಿದ್ರೆ, “ಈ ತಿಂಗ್ಳು ಎಸಿ ಸರ್ವೀಸ್ ಇದೆ ಕಣಪ್ಪ,” ಅಂದಿದ್ರು.

ಪಟ್ಟಂದೂರು ಅಗ್ರಹಾರದ ತನ್ನ ರೂಮಲ್ಲಿ ಅವ್ವ ಮಲಕವ್ವಂಗೆ ಆ ಕೌದಿ ಫೋಟೋ ತೋರ್ಸಿದ. “ಇಂಥಾದ್ದ ಒಂದು ಹೊಲಿಯವ್ವ, ಸಾಹೇಬ್ರಿಗೆ ಬೇಕಂತ.”

“ಯಾರು ಹೊಲದಾರೋ ಇದನ್ನ? ಅಕಿಗೆ ಸೂಜಿ ಹಿಡಿದು ಟಾಕಿ ಹಾಕಾಕ ಬರೂದಿಲ್ಲ.”

“ನೀನೂ ಹಂಗ ಕೆಟ್ಟದಾಗಿ ಹೊಲಿ.”

“ಅದೊಂದು ಕಲ್ಸು ಹಂಗಾರ,” ಅಂದ್ಲು. ಆದ್ರೂ ಹೊಲಿದ್ಲು.

ಉಳಿದಿದ್ದು ಅವನ ಕೈಚಳಕ. ಟೀ ಡಿಕಾಕ್ಷನ್‌ನಲ್ಲಿ ಅದ್ದಿದ. ಟೆರೇಸ್ ಮೇಲೆ ಬಿಸಿಲಿಗೆ ಹಾಕ್ದ. ಅಸಲಿ ಕೌದೀಲಿ ಕಿಡಿ ಬಿದ್ದು ತೂತಾದ ಜಾಗಕ್ಕೆ ಸರಿಯಾಗಿ ಊದುಬತ್ತಿ ತಾಗಿಸ್ದ. ಮ್ಯೂಸಿಯಂ ಒರೆಸೋನೂ ಅವನೇ, ಬೀಗದ ಕೈನೂ ಅವನ ಹತ್ರಾನೇ. ರಜೆ ದಿನ ಒರೆಸೋ ಬಟ್ಟೆ ಜೊತೆ ನಕಲಿ ಒಳಗೆ ಹೋಯ್ತು, ಬಕೆಟ್‌ನಲ್ಲಿ ಅಸಲಿ ಆಚೆ ಬಂತು. ಕ್ಯಾಮೆರಾಗೆ ಕಂಡಿದ್ದು ಅವನ ಬೆನ್ನು ಮಾತ್ರ. ಮಧ್ಯಾಹ್ನಕ್ಕೆ ದೀಪು ಕೈ ಸೇರ್ತು, ಸಂಜೆಗೆ ಆಸ್ಪತ್ರೆಗೆ ದುಡ್ಡು.

ಮಾರನೇ ದಿನ ಸಾರ್ ಪೆಟ್ಟಿಗೆ ಮುಂದೆ ತುಂಬಾ ಹೊತ್ತು ನಿಂತಿದ್ರು. “ಎಂಥ ತಾಯಂದ್ರಪ್ಪ ಅವರು. ಈ ಹೊಲಿಗೆ ನೋಡು, ಇಂಥದ್ದು ಈಗ ಎಲ್ಲಿ ಸಿಗುತ್ತೆ?” ಪರಮಾನಂದ ಹೌದು ಸಾರ್ ಅಂದ.

ಮೂರು ದಿನ ಬಿಟ್ಟು ಸಾರ್ ಫೋನ್ ಬಂತು. ಮಲಕವ್ವ ಮೊಮ್ಮಗಳಿಗೆ ಅಂತ ಇನ್ನೊಂದು ಕೌದಿ ಮುಗಿಸ್ತಾ ಕೂತಿದ್ಲು. “ಪರಮಾನಂದ,” ಅಂದ್ರು ಸಾರ್, “ಪೆಟ್ಟಿಗೆ ಒಳಗೆ ಇರುವೆ ಸಾಲು ಕಣಯ್ಯ. ಎಲ್ಲಾ ಕೌದಿಯ ಒಂದೇ ಮೂಲೆಗೆ ನುಗ್ತಿವೆ. ಅಷ್ಟು ಹಳೇ ಬಟ್ಟೇಲಿ ತಿನ್ನೋಕೆ ಏನಿದೆ?” ಏನೋ ಹೇಳೋಕೆ ಹೋದವನ ಕಣ್ಣು ಅವ್ವನ ಕೈ ಮೇಲೆ ಬಿತ್ತು. ಕೊನೇ ಮೂಲೆ ಮುಚ್ಚೋ ಮುಂಚೆ ಅವಳು ಒಂದು ಹೋಳಿಗೆ ಚೂರನ್ನ ಒಳಗೆ ತುರುಕ್ತಿದ್ಲು. ಅವನು ಫೋನಿಗೆ ಕೈ ಅಡ್ಡ ಹಿಡ್ದ. “ಎಲ್ಲಾ ಕೌದಿಗೂ ಹಾಕ್ತೀಯೇನವ್ವ?” “ಹಾಕ್ಲಾರ್ದ ಮುಚ್ಚತಾರೇನೋ? ಖಾಲಿ ಹೊಟ್ಟಿ ಕೌದಿ ಕೂಸಿಗೆ ಹೊದಿಸಬಾರ್ದಪ್ಪ.” ಸಾರ್ ಇನ್ನೂ ಲೈನಲ್ಲೇ ಇದ್ರು. “ಹಲೋ, ಇದೀಯಾ? ಆ ಮೂಲೆ ಬಿಚ್ಚಿ ನೋಡೋಕೆ ಎಕ್ಸ್‌ಪರ್ಟ್ ಕರ್ಸಿದೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ನೀನೂ ಬಂದ್ಬಿಡು.”