ಅಕ್ಕನ ಅಳತೆಯ ಕುಪ್ಪಸ

"ಕರಿಬಸಕ್ಕಾ... ನನ್ನ ಕುಪ್ಪಸ ನೀನೇ ತಗೊಂಡ್ಯಾ?"

ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಆದರೂ ಬಟ್ಟೆ ಹಗ್ಗ ಮೆಲ್ಲಗೆ ತೂಗುತ್ತಿತ್ತು.

ಮಲ್ಲಿಕಾಂಬಳ ಮೈ ಜುಂ ಎಂದಿತು.

ಕಳೆದುಹೋದದ್ದು ಅವಳ ದಿನಬಳಕೆಯ ನೂಲಿನ ಕುಪ್ಪಸ. ಹಳೇ ಸೀರೆಯ ಕೆಂಪು ಅಂಚನ್ನು ತೋಳಿಗೆ ಹಚ್ಚಿ, ಹಬ್ಬಕ್ಕೂ ಸೈ ಎನ್ನುವ ಹಾಗೆ ಮಾಡಿಕೊಂಡಿದ್ದಳು. ತರೀಕೆರೆಯ ಸೋದರತ್ತೆ ಕಲಿಸಿದ ಕೈಚಳಕ ಅದು.

"ಹಿರಿಯರ ಹಬ್ಬ ಹತ್ರ ಬಂತಲ್ಲ, ಅವಳು ಆಸೆಪಟ್ಟವಳೆ ಕಣೇ," ಅತ್ತೆ ಲಿಂಗಮ್ಮ ಒಳಗಿಂದಲೇ ಅಂದರು. "ಸುಮ್ಕೆ ಕೈ ಮುಗಿ."

ಕರಿಬಸಮ್ಮ ಈ ಮನೆಯ ಮೊದಲ ಸೊಸೆ. ಚಳಿಜ್ವರದಲ್ಲಿ ತೀರಿಕೊಂಡವಳು. ಅವಳ ಜಾಗಕ್ಕೆ ಎರಡನೇ ಹೆಂಡತಿಯಾಗಿ ಅಜ್ಜಂಪುರದಿಂದ ಚೌಳಹಿರಿಯೂರಿಗೆ ಬಂದವಳು ಮಲ್ಲಿಕಾಂಬ. ಹಬ್ಬದ ದಿನ ತೀರಿಕೊಂಡವಳ ಹೆಸರಿನಲ್ಲಿ ಎಡೆ ಇಟ್ಟು, ಅವಳ ಹಳೇ ಕುಪ್ಪಸದ ಅಳತೆಗೇ ಹೊಸದು ಹೊಲಿಸಿ, ಅದನ್ನು ಈಗಿನ ಸೊಸೆ ತೊಡಬೇಕು. ಅದು ಆ ಮನೆಯ ಪದ್ಧತಿ.

ಹೋದ ವರ್ಷ ತೊಟ್ಟಿದ್ದಳು. ಊಟಕ್ಕೆ ಕೂತ ಗಂಡ ಈರಭದ್ರಪ್ಪ ಅವಳನ್ನು ನೋಡಿದ... ಮುಖ ಬಿಳುಚಿಕೊಂಡಿತು! ಬಡಿಸಿದ ಎಲೆ ಬಿಟ್ಟು ಎದ್ದು ಎಮ್ಮೆದೊಡ್ಡಿ ಕಾವಲಿಗೆ ಹೊರಟೇಬಿಟ್ಟ. ಅಲ್ಲಿನ ಹುಲ್ಲುಗಾವಲಲ್ಲಿ ಸರ್ಕಾರದ ದನ ಕಾಯುವ ಕೆಲಸ ಅವನದು. ಆಮೇಲೆ ಮನೆಗೆ ಬಂದರೂ ಮಾತು ಅಷ್ಟಕ್ಕಷ್ಟೇ.

'ಅವರ ಕಣ್ಣಿಗೆ ನಾನು ಕಾಣೋದೇ ಇಲ್ಲ. ಅಕ್ಕನ ಬಟ್ಟೆ ನೇತುಹಾಕೋ ಗೂಟ ನಾನು...'

ಹಬ್ಬದ ಹಿಂದಿನ ಸಂಜೆ ಅವನು ಕಡೂರಿನ ದರ್ಜಿಯಿಂದ ಗಂಟು ತಂದ. ಅವಳ ಮುಖ ನೋಡದೆ ಕೈಗಿಟ್ಟ.

"ಒಂದ್ಸಲ ಹಾಕ್ಕೊಂಡು ನೋಡು."

ಪಡಸಾಲೆಯಲ್ಲಿ ಲಿಂಗಮ್ಮ ದೀಪ ಹಚ್ಚಿ ಪುರಾಣದ ಪದ್ಯ ಹೇಳಿಕೊಳ್ಳುತ್ತಿದ್ದರು. ಆ ರಾಗ ಗೋಡೆ ದಾಟಿ ಬರುವಾಗ ಇನ್ಯಾರದೋ ದನಿಯಂತೆ ಕೇಳುತ್ತಿತ್ತು.

ಮಲ್ಲಿಕಾಂಬ ಗಂಟು ಬಿಚ್ಚಿದಳು. ನೇರಳೆ ರೇಷ್ಮೆ! ಸೊಂಟದವರೆಗೆ ಇಳಿಯುವ ಉದ್ದ ಕುಪ್ಪಸ, ಮೈಸೂರಿನ ಹೆಂಗಸರ ಹಾಗೆ ತೋಳಿನ ತುದಿಗೆ ಸಣ್ಣ ನೆರಿಗೆ. ಕೆಳಗೆ, ಅಳತೆಗೆಂದು ಕೊಟ್ಟಿದ್ದ ಕರಿಬಸಮ್ಮನ ಮಾಸಿದ ಕುಪ್ಪಸ.

ಮಲ್ಲಿಕಾಂಬಳ ಎಡಗೈ ಸ್ವಲ್ಪ ಸೊಟ್ಟ. ಚಿಕ್ಕವಳಿದ್ದಾಗ ಮುರಿದು ಕೂಡಿಕೊಂಡದ್ದು. ಸೆರಗಿನಡಿ ಸದಾ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಕುಪ್ಪಸದ ತೋಳು ಹೋದ ವರ್ಷದಂತೆ ಹಿಂಡೀತೆಂದು ಹಲ್ಲು ಕಚ್ಚಿ ಕೈ ತೂರಿಸಿದಳು...

ಹಿಂಡಲಿಲ್ಲ. ನೀರಿನಂತೆ ಇಳಿಯಿತು!

"ಅಯ್ಯೋ ಶಿವನೇ!"

ಈರಭದ್ರಪ್ಪ ಒಳಗೆ ಓಡಿ ಬಂದ. "ಏನಾಯ್ತೇ?"

"ಅಕ್ಕನ ಅಳತೆ ನನ್ನ ಮೈಗೆ ಕೂತ್ಬಿಟ್ಟೈತೆ ಕಣ್ರೀ! ನಾನು... ನಾನು ಅವಳಾಗ್ತಾ ಇದೀನಾ?"

ಅವನು ತಲೆ ತಗ್ಗಿಸಿದ.

"ಅದು ಅವಳ ಅಳತೆ ಅಲ್ಲ. ನಿಂದು."

"ನನ್ನ ಅಳತೆ ಯಾರು ಕೊಟ್ರು?"

ಕಂಬಳಿಯ ಮಡಿಕೆಯಿಂದ ಅವನು ಕೆಂಪು ಅಂಚಿನ ನೂಲು ಕುಪ್ಪಸ ತೆಗೆದ. "ಹಗ್ಗದಿಂದ ಕದ್ದೋನು ನಾನೇ."

"ಕಳ್ಳ! ಪಾಪ, ನಾನು ಅಕ್ಕನ ಮೇಲೆ ಹೊರಿಸಿದ್ನಲ್ಲಾ... ಕೇಳಿದ್ರೆ ಕೊಡ್ತಿರಲಿಲ್ವಾ?"

"ದನದ ಜೊತೆ ಮಾತಾಡಿದಷ್ಟು ಸಲೀಸಾ ನಿನ್ನ ಜೊತೆ?"

ಅಳುತ್ತಲೇ ನಕ್ಕಳು. ತಕ್ಷಣ ಗಂಭೀರಳಾದಳು. "ಹೋದ ವರ್ಷ ನನ್ನ ನೋಡಿ ಯಾಕೆ ಎದ್ದು ಹೋದ್ರಿ? ಅಕ್ಕ ನೆನಪಾದ್ಲಾ?"

"ನಿನ್ನ ಕೈ ಕಂಡೆ. ಬಿಗಿದು ನೀಲಿಗಟ್ಟಿತ್ತು. ತುಟಿ ಕಚ್ಚಿಕೊಂಡು ಬಡಿಸ್ತಾ ಇದ್ದೆ. ಸತ್ತೋಳಿಗೋಸ್ಕರ ಬದುಕಿರೋಳನ್ನ ಹಿಂಡ್ತಾ ಇದೀವಲ್ಲ ಅಂತ... ಅನ್ನ ಇಳೀಲಿಲ್ಲ ಮಲ್ಲೀ."

ಅವನು ನೋಡಿದ್ದ! ಅವಳು ಮುಚ್ಚಿಟ್ಟ ಕೈಯನ್ನೇ ನೋಡಿದ್ದ!

"ಹಬ್ಬಕ್ಕಾ, ದಿನಾ ಹಾಕ್ಕೊಳೋಕಾ ಅಂತ ದರ್ಜಿ ಕೇಳ್ದ," ಅವನು ಮೆಲ್ಲಗೆ ಹೇಳಿದ. "ಎಡಗೈ ಸಡಿಲ ಬಿಡು, ದಿನಾ ನಾನು ನೋಡ್ಬೇಕು ಅಂದೆ."

ಅವಳು ಸೆರಗು ಸರಿಸಿ ಆ ಕೈಯನ್ನು ಅವನ ಕೈಯಲ್ಲಿಟ್ಟಳು.

ಪಡಸಾಲೆಯ ಪದ್ಯ ನಿಂತಿತ್ತು. ಮಾಸಿದ ಕುಪ್ಪಸ ನೆಲದ ಮೇಲೆ ತೋಳು ಚಾಚಿ ಬಿದ್ದಿತ್ತು, ಯಾರೋ ಮಲಗಿದಂತೆ. ಮಲ್ಲಿಕಾಂಬ ಅದನ್ನೆತ್ತಿ ದೀಪಕ್ಕೆ ಹಿಡಿದಳು. ಹೆಗಲ ಬಳಿ ಅಡ್ಡಾದಿಡ್ಡಿ ಹೊಲಿಗೆ.

"ಅಕ್ಕನಿಗೆ ಹೊಲಿಯೋಕೆ ಬತ್ತಿರಲಿಲ್ವಾ?"

"ಸೂಜಿ ಕಂಡ್ರೆ ಓಡೋಳು..." ಅವನು ಕಣ್ಣೊರೆಸಿಕೊಂಡ. "ಕೊಡು ಅದನ್ನ. ಹೊಳೆಗೆ ಬಿಟ್ಟು ಬತ್ತೀನಿ. ಇನ್ಮೇಲೆ ನೀನು ಹೆದರಬಾರದು."

ಅವಳು ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಇಷ್ಟು ದಿನ ಹೆದರಿದ್ದು ಇವಳಿಗೇನಾ?

"ನಾಳೆ ಎಡೇಲಿ ಇದನ್ನೇ ಇಡೋಣ. ಅಕ್ಕಂದು ಅಕ್ಕಂಗೆ, ನಂದು ನಂಗೆ."

"ಹಳೇ ಬಟ್ಟೆ ಎಡೇಲಿಡೋಕೆ ಅವ್ವ ಒಪ್ಪಲ್ಲ. ಕೊಡು ಮಲ್ಲೀ..."

"ನಾಳೆ ನಾನು ಸತ್ರೂ ಹಿಂಗೇ ಹೊಳೆಗೆ ಬಿಡ್ತೀರಾ?"

ಅವನು ಕೈ ಚಾಚಿದ.

ಅವಳು ಕುಪ್ಪಸವನ್ನು ಎದೆಗವಚಿಕೊಂಡಳು.

"ಕೊಡಲ್ಲ."