ಎಂಟರ್ ಒತ್ತಿದರೆ ಸಾಕು

“ಎತ್ತಿ ಹಿಡಿಯೇ, ಬೆಡ್‌ಶೀಟ್ ನೆಲ ಗುಡಿಸ್ತಿದೆ,” ಅಂದಳು ಅಮ್ಮ.

ಚೂಟಿ ತುದಿಗಾಲಲ್ಲಿ ನಿಂತಳು. ಅಷ್ಟಾದರೂ ಎಟುಕಲಿಲ್ಲ. ಅಮ್ಮನ ಲಾಂಡ್ರಿಯಲ್ಲಿ ಈ ತುದಿ ಹಿಡಿಯುತ್ತಿದ್ದವಳು ಅಕ್ಕ.

ಅವಳ ಜೊತೆ ಜಗಳವಾದ ದಿನ ಅಮ್ಮ, “ಹೋದರೆ ಮತ್ತೆ ಈ ಹೊಸ್ತಿಲು ತುಳೀಬೇಡ,” ಅಂದಿದ್ದಳು. ಅಕ್ಕ ಬ್ಯಾಗು ಹೆಗಲಿಗೇರಿಸಿ ಹೋಗಿಯೇಬಿಟ್ಟಳು. ಬೇಸಿಗೆ ರಜೆಯಲ್ಲಿ ಅವಳದೊಂದು ಮೇಲ್ ಬಂತು: “ಅಮ್ಮ, ಹೇಗಿದ್ದೀರಿ ಎಲ್ಲಾ?”

ಈಗ ಚೂಟಿಯ ಪರೀಕ್ಷೆ ಹತ್ತಿರ ಬಂತು. ಅಮ್ಮ ಇನ್ನೂ ಉತ್ತರ ಬರೆದಿಲ್ಲ. ಬಿಲ್ ಹಾಕುವ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಖಾಲಿ ಬಾಕ್ಸ್‌ನಲ್ಲಿ ಗೀಟೊಂದು ಮಿಣುಕುತ್ತದೆ. ಅದನ್ನೇ ನೋಡಿ ನೋಡಿ, ಎದ್ದು ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿಯುತ್ತಾಳೆ.

“ಅಮ್ಮ, ನನ್ನ ಪ್ರೋಗ್ರಾಂ ನೋಡು ಬಾ. ಅದು ಪ್ರಶ್ನೆ ಕೇಳುತ್ತೆ, ನೀನು ಉತ್ತರ ಕೊಟ್ಟರೆ ಪತ್ರ ಆಗುತ್ತೆ. ತೋಚದಿದ್ರೆ ಎಂಟರ್ ಒತ್ತಿದರೆ ಸಾಕು. ಉತ್ತರ ನಾನೇ ಮೊದಲು ತುಂಬಿಟ್ಟಿದ್ದೀನಿ. ಸ್ಕೂಲಲ್ಲಿ ಕಂಪ್ಯೂಟರ್ ಮಿಸ್ ಅದನ್ನ ಡಿಫಾಲ್ಟ್ ಅಂತಾರೆ.”

“ಬಟ್ಟೆ ಮಡಚೋ ಪ್ರೋಗ್ರಾಂ ಕಲಿಸೋಕೆ ಹೇಳು ನಿನ್ನ ಮಿಸ್‌ಗೆ,” ಅನ್ನುತ್ತಲೇ ಅಮ್ಮ ಕೂತಳು.

‘ಯಾರಿಗೆ?’ ಬಾಕ್ಸ್‌ನಲ್ಲಿ ‘ಮಗಳಿಗೆ’ ಅಂತಿತ್ತು. ಅಮ್ಮ ಎಂಟರ್ ಒತ್ತಿದಳು.

‘ಹೇಗಿದ್ದೀರಿ?’ ಬಾಕ್ಸ್‌ನಲ್ಲಿ ‘ಎಲ್ಲರೂ ಚೆನ್ನಾಗಿದ್ದೇವೆ.’

ಅಮ್ಮನ ಬೆರಳು ಅಲ್ಲೇ ನಿಂತಿತು.

“ತಪ್ಪಾಯ್ತಾ?”

“ಯಾರೇ ಚೆನ್ನಾಗಿರೋದು?” ಅಮ್ಮನ ದನಿ ಎಷ್ಟು ಸಣ್ಣಗಿತ್ತೆಂದರೆ, ಪಕ್ಕದಲ್ಲೇ ತಿರುಗುತ್ತಿದ್ದ ವಾಷಿಂಗ್ ಮಷೀನ್ ಅದನ್ನು ನುಂಗಿಬಿಟ್ಟಿತು.

ಅವಳು ಒಂದೊಂದೇ ಅಕ್ಷರ ಅಳಿಸಿದಳು. ಒಂದೇ ಬೆರಳಲ್ಲಿ ಒತ್ತತೊಡಗಿದಳು: ‘ಚೆನ್ನಾಗಿಲ್ಲ. ನಿನ್ನ ತಂಗಿಗೆ ಬೆಡ್‌ಶೀಟ್ ಎಟುಕಲ್ಲ. ನನಗೆ ರಾತ್ರಿ ನಿದ್ದೆ ಬರಲ್ಲ.’

ಚೂಟಿ ಪರದೆಯತ್ತ ಇನ್ನಷ್ಟು ಬಾಗಿದಳು. ಖಾಲಿ ಬಾಕ್ಸ್ ಮುಂದೆ ಇಷ್ಟು ದಿನ ಹೊರಡದ ಮಾತು, ತಾನು ಬರೆದಿಟ್ಟ ತಪ್ಪನ್ನು ಅಮ್ಮ ಅಳಿಸಿದ ಕೂಡಲೇ ಹೊರಟಿತ್ತು.

ಕೊನೆಯ ಪ್ರಶ್ನೆ: ‘ಇನ್ನೇನು ಹೇಳಬೇಕು?’ ಬಾಕ್ಸ್‌ನಲ್ಲಿ ‘ಮನೆಗೆ ಬಾ.’

ಅಮ್ಮ ಅದನ್ನು ಎರಡು ಸಲ ಓದಿದಳು. “ಹೊಸ್ತಿಲು ತುಳೀಬೇಡ ಅಂದವಳು ನಾನೇ ಕಣೇ. ಯಾವ ಮುಖ ಇಟ್ಕೊಂಡು ಕರೀಲಿ? ಅವಳು ಬರಲ್ಲ.”

“ಹಾಗಾದ್ರೆ ಅಳಿಸ್ಲಾ?”

ಅಮ್ಮ ಚೂಟಿಯ ಕೈ ಸರಿಸಿದಳು. ಎಂಟರ್ ಒತ್ತಿದಳು.

ಚೂಟಿ ಪತ್ರವನ್ನು ಮೇಲ್‌ಗೆ ಹಾಕಿಕೊಟ್ಟಳು. “ಅಕ್ಕ ಏನಂತ ಬರೀತಾಳಮ್ಮ?”

ಅಮ್ಮ ಪತ್ರವನ್ನು ಮೊದಲಿಂದ ಓದತೊಡಗಿದಳು. ಅದು ಚೂಟಿಗೂ ಗೊತ್ತಿರಲಿಲ್ಲ. ಅಕ್ಕನ ಉತ್ತರದ ಬಾಕ್ಸ್ ಒಂದನ್ನು ಮಾತ್ರ ಇಲ್ಲಿಂದ ತುಂಬಿಡಲು ಆಗುವುದಿಲ್ಲ.

ವಾಷಿಂಗ್ ಮಷೀನ್ ನಿಂತಿತು. ಅಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡು ಸೆಂಡ್ ಒತ್ತಿದಳು.