ಎದೆಗೂಡಿನ ಹಿಂದಿನ ಗರಡಿ

ನಿಮ್ಮ ಮುತ್ತಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಕಾಯಾಪುರವೆಂಬ ರಾಜ್ಯವಿತ್ತು. ಅದರ ನಟ್ಟನಡುವೆ ಒಂದು ನಗಾರಿ. ಯಾರೂ ಬಾರಿಸದೆಯೇ ಅದು ಹಗಲಿರುಳು ಬಡಿಯುತ್ತಿತ್ತು. ಆ ರಾಜ್ಯದಲ್ಲಿ ಹುಟ್ಟಿದವರ ಮಣಿಕಟ್ಟಿನಲ್ಲೆಲ್ಲ ಅದೇ ಬಡಿತ ಮಿಡಿಯುತ್ತಿತ್ತು. ಪರನಾಡಿನವರ ಕೈ ಮಾತ್ರ ಕಲ್ಲಿನಂತೆ ಸುಮ್ಮನಿರುತ್ತಿತ್ತು.

ಕಾಯಾಪುರದ ಕಾವಲುಗಾರರೆಲ್ಲ ಹುಟ್ಟುತ್ತಿದ್ದದ್ದು ಮೂಳೆಬೆಟ್ಟದ ಗುಹೆಗಳಲ್ಲಿ. ನಿಂಗವ್ವನೂ ಅಲ್ಲಿಯೇ ಹುಟ್ಟಿದಳು. ಕಣ್ಣು ಬಿಟ್ಟಳೋ ಇಲ್ಲವೋ, ನಗಾರಿಯ ಪಕ್ಕದ ಗರಡಿಗೆ ಅವಳನ್ನು ಕಳಿಸಿದರು. ಆಗ ಗರಡಿಯೆಂದರೆ ಗರಡಿ! ಎದೆಗೂಡಿನ ಹಿಂದೆ ಜೋಡಿ ಅಂಗಳ, ಕೆಮ್ಮಣ್ಣಿನ ನೆಲ, ಕಿವಿ ಕಿತ್ತುಹೋಗುವಷ್ಟು ಮಕ್ಕಳ ಗದ್ದಲ. ವಸ್ತಾದಿ ಹೊನ್ನಪ್ಪಜ್ಜ ಕತ್ತಿ ಹಿಡಿಯುವುದಕ್ಕಿಂತ ಮೊದಲು ಕೈ ಹಿಡಿಯುವುದನ್ನು ಕಲಿಸಿದ.

“ಮುಖ ನೋಡಿ ಮೋಸ ಹೋಗ್ಬೇಡ ಮಗಳೇ. ಮಣಿಕಟ್ಟು ಹಿಡಿದು ನೋಡು. ಬಡಿತ ಇದ್ರೆ ನಮ್ಮವ್ರು. ಇಲ್ದಿದ್ರೆ ಕತ್ತಿ ಎತ್ತು.”

“ನಿಮ್ದೂ ಹಿಡಿದು ನೋಡ್ಬೇಕಾ ಅಜ್ಜ?” ಪುಟ್ಟ ನಿಂಗವ್ವ ತುಂಟತನದಿಂದ ಕೇಳಿದಳು.

ಅಜ್ಜ ನಗಲಿಲ್ಲ. ತೋಳು ಚಾಚಿ, “ಮೊದಲು ನಂದೇ ಹಿಡಿ” ಅಂದ.

ಈ ಪಾಠ ತಲೆಗೆ ಹತ್ತದವರು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಮುಕ್ಕಾಲುಪಾಲು ಮಕ್ಕಳು ದಾಟಲೇ ಇಲ್ಲ. ನಿಂಗವ್ವ ದಾಟಿದಳು.

ಕಾಲ ಉರುಳಿತು. ರಾಜ್ಯ ಬೆಳೆದಂತೆಲ್ಲ ಗರಡಿ ಕುಗ್ಗಿತು. ಅಂಗಳದ ಮೇಲೆ ಹಳದಿ ಕೊಬ್ಬಿನ ಬಳ್ಳಿ ಹಬ್ಬಿತು. ಒಂದು ದಿನ ಅಜ್ಜನೂ ಇಲ್ಲವಾದ. ಕಾವಲು ತಿರುಗುತ್ತ ಆ ದಾರಿಗೆ ಬಂದರೆ ನಿಂಗವ್ವನ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಆ ಕೆಮ್ಮಣ್ಣಿನ ವಾಸನೆಗೆ ಅವಳ ಜೀವ ಹಂಬಲಿಸುತ್ತಿತ್ತು.

ಹೀಗಿರುವಾಗ ಬಹುವೇಷನೆಂಬ ಮಾಂತ್ರಿಕ ಬಂದ. ನಗಾರಿಯನ್ನು ನಿಲ್ಲಿಸಬೇಕೆಂಬುದು ಅವನ ಹಟ. ಅದು ನಿಂತರೆ ಕಾಯಾಪುರವೇ ತಣ್ಣಗಾಗುತ್ತಿತ್ತು.

ಮೊದಲು ಅವನು ತಿಂಡಿಬುಟ್ಟಿ ಹೊತ್ತ ಬೀಗರ ವೇಷದಲ್ಲಿ ಗಂಟಲಬಾಗಿಲಿಗೆ ಬಂದ. ಅಲ್ಲಿ ಗುಂಡುಮೈಯ ಅವಳಿ ಕಾವಲುಗಾರರಿದ್ದರು. ಕಾವಲು ತಿರುಗುತ್ತ ನಿಂಗವ್ವನೂ ಅಲ್ಲಿಗೆ ಬಂದಿದ್ದಳು.

“ಕೈ ಕೊಡಿ ಬೀಗರೇ,” ಅಂದಳು ನಿಂಗವ್ವ. ಬಡಿತವಿಲ್ಲ! ಅವಳಿಗಳು ಕೆಂಪಗೆ ಊದಿಕೊಂಡು ಅಡ್ಡ ನಿಂತರು. ಮಾಂತ್ರಿಕನ ಮೇಲುವಸ್ತ್ರ ಹರಿಯಿತು, ಆದರೂ ಅವನು ಒಳಕ್ಕೆ ನುಸುಳಿದ. ರಾಜ್ಯಕ್ಕೆ ಜ್ವರ ಏರಿತು.

ಹರಿದ ತುಂಡನ್ನು ಹಿಡಿದು ನಿಂಗವ್ವ ತಿಳಿನೀರ ಕಾಲುವೆಯಲ್ಲಿ ಕತ್ತಿನ ಚಾವಡಿಗೆ ಹೋದಳು. ಆ ಕಾಲುವೆಯನ್ನು ನಗಾರಿ ತಳ್ಳುವುದಿಲ್ಲ, ರಾಜ್ಯ ಮೈ ಆಡಿಸಿದರೇ ಅದು ಹರಿಯುವುದು. ಚಾವಡಿಯವರು ತುಂಡನ್ನು ಮೂಸಿದರು. ಆ ವಾಸನೆಯನ್ನು ಬಲ್ಲವರು ಒಬ್ಬರಿದ್ದದ್ದು ಇಬ್ಬರಾದರು, ಇಬ್ಬರಿದ್ದದ್ದು ನಾಲ್ವರಾದರು. ಹೊಸಬರು ತುಂಬಿ ಚಾವಡಿಯ ಗೋಡೆಯೇ ಉಬ್ಬಿತು.

ಆ ಹೊಸಬರ ಪಡೆ ನಿಂಗವ್ವನ ಜೊತೆ ಮಾಂತ್ರಿಕನನ್ನು ಹುಡುಕುತ್ತ ಎಡಪಕ್ಕೆಯ ಗುಲ್ಮಕೆರೆಗೆ ಬಂತು. ಮುಪ್ಪಾದ ಕೆಂಪು ಅಂಬಿಗರು ಕೊನೆಗೆ ಬಂದು ಸೇರುವ ಜಾಗ ಅದು. ದಡದಲ್ಲೊಬ್ಬ ಸುಕ್ಕುಗಟ್ಟಿದ ವಿಕಾರ ಮುದುಕ ಕೂತಿದ್ದ. ಹೊಸಬರು ಸರ್ರನೆ ಕತ್ತಿ ಎತ್ತಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆಯೇ?

“ನಿಲ್ಸ್ರೋ!” ಎಂದು ನಿಂಗವ್ವ ಮುದುಕನ ಮಣಿಕಟ್ಟು ಹಿಡಿದಳು. ಬಡಿತ ಕ್ಷೀಣವಾಗಿತ್ತು, ಆದರೆ ಇತ್ತು.

“ನಾನು ನಿಮ್ಮವನೇ ಕಣವ್ವ. ಊರೂರಿಗೆ ಉಸಿರು ಹೊತ್ತೂ ಹೊತ್ತೂ ಹಿಂಗಾದೆ,” ಅಂದ ಮುದುಕ. “ಮೇಲುವಸ್ತ್ರ ಹರಿದವನೊಬ್ಬ ಹಳೇ ಗರಡಿ ಕಡೆ ಹೋದ, ನೋಡು.”

ಗರಡಿಯ ಪಕ್ಕದಲ್ಲೇ ನಗಾರಿ! ನಿಂಗವ್ವ ಎಲ್ಲರಿಗಿಂತ ಮುಂದೆ ಓಡಿದಳು.

ಗರಡಿಯ ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಹೊನ್ನಪ್ಪಜ್ಜ ನಿಂತಿದ್ದ! ಅದೇ ಮೀಸೆ, ಕೆಮ್ಮಣ್ಣು ಮೆತ್ತಿದ ಅದೇ ಕಾಲು. ಒಳಗಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು.

“ಬಂದ್ಯಾ ಮಗಳೇ? ಗರಡಿ ಮತ್ತೆ ತೆರೀತು. ಕತ್ತಿ ಕೆಳಗಿಟ್ಟು ಒಳಗೆ ಬಾ.”

ನಿಂಗವ್ವ ಕತ್ತಿಯನ್ನು ಅರ್ಧಕ್ಕೆ ಇಳಿಸಿದಳು. ಮುಟ್ಟಿ ನೋಡದಿದ್ದರೆ ಅಜ್ಜ ಉಳಿಯುತ್ತಾನೆ, ಗರಡಿಯೂ ಉಳಿಯುತ್ತದೆ. ಗುರುವಿನ ಕೈಯನ್ನು ಪರೀಕ್ಷಿಸುವುದುಂಟೇ? ಆದರೆ ಅಂದು ಚಾಚಿದ ಆ ತೋಳು ನೆನಪಾಯಿತು.

“ಅಜ್ಜ, ಕೈ ಕೊಡಿ.”

“ನನ್ನ ಮೇಲೇ ಅನುಮಾನವಾ?”

“ನಮ್ಮಜ್ಜ ಆಗಿದ್ರೆ ಕೇಳೋಕ್ಮುಂಚೆ ಕೈ ಚಾಚಿರ್ತಿದ್ರು.” ಅಳುತ್ತಲೇ ಅವಳು ಮಣಿಕಟ್ಟು ಹಿಡಿದಳು. ಕಲ್ಲು.

ಕತ್ತಿ ಬೀಸಿದಳು. ಮಾಂತ್ರಿಕ ಬೂದಿಯಾದ. ಮೀಸೆ, ಮಕ್ಕಳ ಗದ್ದಲ, ತೆರೆದ ಬಾಗಿಲು, ಎಲ್ಲವೂ ಅವನ ಜೊತೆಗೇ ಹೋದವು. ಹಳದಿ ಬಳ್ಳಿ ಮಾತ್ರ ಉಳಿಯಿತು.

ಜ್ವರ ಇಳಿಯಿತು, ನಗಾರಿ ಬಡಿಯಿತು, ಕಾಯಾಪುರದವರು ಉಂಡುಟ್ಟು ಸುಖವಾಗಿದ್ದರು. ಬಹುವೇಷನ ಸಂತತಿ ಮತ್ತೆ ಬಂದಾಗಲೆಲ್ಲ ವಾಸನೆ ಮರೆಯದ ನಿಂಗವ್ವ ಅವರನ್ನು ಬಾಗಿಲಲ್ಲೇ ಹಿಡಿದಳು.

ಚಾವಡಿಯ ಹೊಸಬರು ಒಮ್ಮೆ ಅವಳನ್ನು ಕೇಳಿದರು: “ಗರಡಿ ಎಲ್ಲಿತ್ತವ್ವಾ? ನಮಗೂ ತೋರ್ಸು.”

ನಿಂಗವ್ವ ಏನೂ ತೋರಿಸಲಿಲ್ಲ. ತನ್ನ ತೋಳನ್ನು ಅವರ ಮುಂದೆ ಚಾಚಿ, “ಮೊದಲು ನಂದೇ ಹಿಡೀರಿ” ಅಂದಳು.